ಸಾಫ್ಟ್‌ವೇರು ಕಂಪನಿಗಳೂ ಜನರ ಅಸಮಾಧಾನವೂ

೨೦೨೫ನೆಯ ಇಸವಿಯ ಅಕ್ಟೋಬರ ೧೪ನೆಯ ತಾರೀಖಿಗೆ ಅಮೇರಿಕೆಯ ಮೈಕ್ರೋಸಾಫ್ಟ್ ಕಂಪನಿಯು ತನ್ನ ವಿಂಡೋಸ್ ೧೦ ಎಂಬ ಸಾಫ್ಟ್‌ವೇರಿಗೆ ಅದುವರೆಗೆ ಉಚಿತವಾಗಿ ಕೊಡುತ್ತ ಬಂದಿದ್ದ ರಕ್ಷಣೆಯ ಅಪ್‌ಡೇಟುಗಳನ್ನು ನಿಲ್ಲಿಸಿಬಿಟ್ಟಿತು. ಯಂತ್ರಗಳೇನೂ ಆ ದಿನ ನಿಂತುಹೋಗಲಿಲ್ಲ. ಮರುದಿನವೂ ಎಂದಿನಂತೆ ನಡೆದವು. ಆದರೆ ಇನ್ನು ಮುಂದೆ ಕಳ್ಳರು ಹೊಸದಾಗಿ ಕನ್ನ ಕೊರೆದರೆ ಅದನ್ನು ಮುಚ್ಚುವ ಹೊಣೆ ತನ್ನದಲ್ಲವೆಂದು ಮನೆ ಕಟ್ಟಿಕೊಟ್ಟವನೇ ಡಂಗುರ ಸಾರಿದಂತಾಯಿತು. ಹೊಸ ವಿಂಡೋಸ್ ೧೧ಕ್ಕೆ ಏರಬೇಕಾದರೆ ಕಂಪ್ಯೂಟರಿನಲ್ಲಿ ಟಿಪಿಎಂ ೨.೦ ಎಂಬ ರಕ್ಷಣಾ ಚಿಪ್ಪು ಇರಬೇಕು. ಪ್ರೊಸೆಸರು ಇಂಟೆಲ್ ಕಂಪನಿಯದಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಅದರಿಂದೀಚಿನದೋ ಆಗಿರಬೇಕು. ಮುರಗೋಡ, ಯರಗಟ್ಟಿ, ಬೈಲಹೊಂಗಲಗಳ ಪೇಟೆಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡಬಿಲ್ಲು, ಸೊಸಾಯಿಟಿಯ ವಾರ್ಷಿಕ ವರದಿಗಳನ್ನು ಜೋಡಿಸಿಕೊಡುವ ಡಿಟಿಪಿ ಅಂಗಡಿಗಳಲ್ಲಿ ಈ ಲಕ್ಷಣಗಳುಳ್ಳ ಯಂತ್ರಗಳು ಎಷ್ಟಿವೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಸೆಕೆಂಡ್‌ಹ್ಯಾಂಡಿನಲ್ಲಿ ತಂದು, ಹತ್ತು ವರ್ಷ ದುಡಿಸಿ, ಇನ್ನೂ ಹತ್ತು ವರ್ಷ ದುಡಿಸಬೇಕೆಂದಿದ್ದ ಯಂತ್ರಗಳವು.

ಹಳೆಯದನ್ನೇ ಇಟ್ಟುಕೊಳ್ಳುವವರಿಗೆ ಕಂಪನಿಯು ಇನ್ನೊಂದು ವರ್ಷದ ರಕ್ಷಣೆಯನ್ನು ನೀಡಿತೆನ್ನುವುದೂ ನಿಜ. ಅದಕ್ಕೆ ೩೦ ಡಾಲರು ತೆರಬೇಕು. ಇಲ್ಲವೆ ತನ್ನ ಯಂತ್ರದ ಏರ್ಪಾಡುಗಳ ನಕಲನ್ನು ಕಂಪನಿಯ ಉಗ್ರಾಣದಲ್ಲಿಯೇ ಇಡಲು ಒಪ್ಪಬೇಕು. ಇಲ್ಲವೆ ಕಂಪನಿಯದೇ ಬಹುಮಾನದ ಅಂಕಗಳನ್ನು ಗಳಿಸಿರಬೇಕು. ಆದರೆ ಯುರೋಪದಲ್ಲಿ ಗ್ರಾಹಕರ ಸಂಘಗಳು ಗದ್ದಲವೆಬ್ಬಿಸಿದ ಮೇಲೆ ಅಲ್ಲಿಯವರಿಗೆ ಮಾತ್ರ ಹಣವೂ ಬೇಡ, ನಕಲೂ ಬೇಡವೆಂದು ಅದೇ ಕಂಪನಿಯು ೨೦೨೫ರ ಸಪ್ಟೆಂಬರದಲ್ಲಿ ಒಪ್ಪಿಕೊಂಡಿತು. ಒಂದೇ ಸರಕು, ಒಂದೇ ದೋಷ, ಒಂದೇ ದಿನ. ಬ್ರಸೆಲ್ಸಿನವನಿಗೊಂದು ನ್ಯಾಯ, ಬೈಲಹೊಂಗಲದವನಿಗೊಂದು ನ್ಯಾಯ. ಯುರೋಪದವರು ಪಡೆದುದು ಭಿಕ್ಷೆಯಲ್ಲ. ಅಲ್ಲಿ ಕೇಳುವವರಿದ್ದರು, ಕೇಳಿದವರ ಬೆನ್ನಿಗೆ ಕಾಯದೆಯಿತ್ತು.

ಈ ದೊಡ್ಡ ಕಂಪನಿಗಳ ಮೇಲೆ ಜನರಿಗೆ ಇಷ್ಟು ಸಿಟ್ಟೇಕೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಹಲವರು ಆಗಾಗ ಎತ್ತುತ್ತಾರೆ. ಸರಕು ಕೆಟ್ಟದೇ? ಹಾಗೇನೂ ಇಲ್ಲ. ಕೋಟ್ಯವಧಿ ಜನರು ಹಗಲಿರುಳು ಬಳಸುವ ವಸ್ತು ಪೂರ್ತಿ ಕೆಟ್ಟದಾಗಿರಲಾರದು. ದುಬಾರಿಯೇ? ವಾಟ್ಸಾಪಿಗೆ ಯಾರೂ ಕಾಸು ಕೊಟ್ಟಿಲ್ಲ; ಆದರೂ ಅದನ್ನು ಬೈಯದವರಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕಾರಣವು ಸರಕಿನ ಗುಣದಲ್ಲಿಲ್ಲ, ಬೆಲೆಯಲ್ಲಿಯೂ ಇಲ್ಲ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ಉಂಟಾದ ಸಂಬಂಧದಲ್ಲಿದೆ. ಕಲಬೆರಕೆಯ ಎಣ್ಣೆ ಕೊಟ್ಟ ಅಂಗಡಿಯನ್ನು ಬಿಟ್ಟು ಎದುರಿನ ಅಂಗಡಿಗೆ ಹೋದರೆ ಸಿಟ್ಟು ಎರಡು ದಿನದಲ್ಲಿ ಇಳಿಯುತ್ತದೆ. ಬಿಟ್ಟುಹೋಗಲು ಬಾರದಂಥ ಅಂಗಡಿಯ ಮೇಲಿನ ಸಿಟ್ಟು ಇಳಿಯುವುದು ಹೇಗೆ? ಅದು ದಿನದಿನಕ್ಕೆ ಸಾಲದ ಬಡ್ಡಿಯಂತೆ ಬೆಳೆಯುತ್ತದೆ. ನಮ್ಮ ಕಾಗದಪತ್ರಗಳು, ನಮ್ಮ ನಂಟರಿಷ್ಟರ ಗುರುತುಗಳು, ನಮ್ಮ ಅಕ್ಷರಗಳು ಕೂಡ ಅವರಲ್ಲಿ ಒತ್ತೆಬಿದ್ದಿವೆ. ಒತ್ತೆಯ ಮಾಲು ಬಿಡಿಸಿಕೊಳ್ಳದೆ ಋಣಿಯು ಊರು ಬಿಡಲಾರನು.

ಅಕ್ಷರಗಳು ಒತ್ತೆಬಿದ್ದಿವೆಯೆಂಬುದು ಅಲಂಕಾರದ ಮಾತಲ್ಲ. ಕನ್ನಡದ ಮುದ್ರಣವನ್ನು ಬಲ್ಲವರಿಗೆ ಇದು ಅನುಭವದ ಮಾತು. ಆದುದರಿಂದ ಈ ಸಂಗತಿಯನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ.

ಸೀಸದ ಮೊಳೆಗಳ ಕಾಲದಲ್ಲಿ ಮುದ್ರಣಾಲಯದವನು ಮೊಳೆಗಳನ್ನು ಒಮ್ಮೆ ಕೊಂಡನೆಂದರೆ ಅವು ಸವೆದುಹೋಗುವವರೆಗೆ ಅವನವು. ಮೊಳೆ ಎರಕಹೊಯ್ದವನು ಹತ್ತು ವರ್ಷಗಳ ತರುವಾಯ ಬಂದು ‘ಇವು ಇನ್ನು ನಡೆಯವು’ ಎಂದು ಹೇಳುವಂತಿರಲಿಲ್ಲ. ಒಂದು ಊರಿನಲ್ಲಿ ಜೋಡಿಸಿದ ಪುಟವನ್ನು ಇನ್ನೊಂದು ಊರಿನ ಯಂತ್ರದಲ್ಲಿ ಅಚ್ಚುಹಾಕಬಹುದಾಗಿತ್ತು. ಕಂಪ್ಯೂಟರು ಬಂದು ಮೊಳೆಯ ಪೆಟ್ಟಿಗೆಗಳನ್ನು ಮೂಲೆಗೆ ತಳ್ಳಿದ ಮೇಲೆ, ೧೯೯೦ರ ದಶಕದಲ್ಲಿ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್ ಕಂಪನಿಯ ಆಕೃತಿ, ಸೊನಾಟಾ ಕಂಪನಿಯ ಪ್ರಕಾಶಕ, ಸಿ-ಡ್ಯಾಕ್ ಸಂಸ್ಥೆಯ ಐಎಸ್‌ಎಂ ಮುಂತಾದವು ಕನ್ನಡಕ್ಕೆ ದೊರೆತವು. ಅವುಗಳಿಂದಾದ ಉಪಕಾರವನ್ನು ಮರೆಯಲಾಗದು. ಆದರೆ ಪ್ರತಿಯೊಂದು ತನ್ನದೇ ಆದ ಗುಟ್ಟಿನ ಸಂಕೇತಗಳನ್ನು ಮಾಡಿಕೊಂಡಿತ್ತು. ಯಂತ್ರದ ನೆನಪಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು. ಮೇಲೆ ಮಾತ್ರ ಕನ್ನಡದ ವೇಷ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರಹವನ್ನು ತೆರೆದರೆ ವೇಷ ಕಳಚಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸುತ್ತದೆ. ಹೀಗೆ ಒಬ್ಬನಲ್ಲಿ ಬರೆಸಿದುದನ್ನು ಇನ್ನೊಬ್ಬನಲ್ಲಿ ಓದಲಾಗದ, ಅಕಾರಾದಿಯಾಗಿ ಹೊಂದಿಸಲಾಗದ, ಹುಡುಕಲಾಗದ ಕನ್ನಡವೊಂದು ಹುಟ್ಟಿಕೊಂಡಿತು. ಶ್ರೀಮಾನ್ ಕೆ. ಪಿ. ರಾವ್ ಅವರು ರೂಪಿಸಿದ ಸರಳವಾದ ಕೀಲಿಮಣೆ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಸರಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಇವುಗಳಿಂದ ಬಡವನಿಗೂ ಕನ್ನಡದ ಟೈಪು ದೊರೆಯುವಂತಾಯಿತು. ಆದರೂ ಸಂಕೇತಗಳ ಗೊಂದಲವು ಪೂರ್ತಿಯಾಗಿ ತೀರಲಿಲ್ಲ.

ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಶಾಶ್ವತವಾದ ಸಂಖ್ಯೆಯನ್ನು ಕೊಡುವ ಯುನಿಕೋಡ್ ಎಂಬ ಏರ್ಪಾಡಿನಲ್ಲಿ ೧೯೯೧ರಷ್ಟು ಹಿಂದೆಯೇ, ಅದರ ಮೊದಲನೆಯ ಆವೃತ್ತಿಯಲ್ಲಿಯೇ, ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಸ್ಥಾನ ಸಿಕ್ಕಿದ ಮಾತ್ರಕ್ಕೆ ಕೂಡ್ರಲು ಮಣೆ ಸಿಗುವುದೇ? ವಿಂಡೋಸಿನಲ್ಲಿ ತುಂಗಾ ಎಂಬ ಕನ್ನಡ ಫಾಂಟು ಬಂದದ್ದು ೨೦೦೧ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದೂ ತಾನಾಗಿ ಅಲ್ಲ. ‘ಕ್ಲಿಷ್ಟ ಲಿಪಿಗಳು’ ಎಂಬ ವಿಭಾಗವನ್ನು ಹುಡುಕಿ, ಅದಕ್ಕೆ ಗುರುತು ಹಾಕಿ, ಸಿಡಿ ಹಾಕಿದ ಮೇಲೆ. ನಮ್ಮ ಲಿಪಿ ನಮಗೆ ಕ್ಲಿಷ್ಟವಲ್ಲ. ಯಾರಿಗೆ ಕ್ಲಿಷ್ಟವೋ ಅವರೇ ಹೆಸರಿಟ್ಟರು. ಆ ಮಾತು ಇರಲಿ. ಮುದ್ರಣದವರಿಗೆ ಬೇಕಾದದ್ದು ಪುಟ ಕಟ್ಟುವ ಸಾಫ್ಟ್‌ವೇರು. ಅಡೋಬಿ ಕಂಪನಿಯ ಪೇಜ್‌ಮೇಕರು ನಮ್ಮ ಭಾಗದ ಡಿಟಿಪಿಯವರ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ‘ಡಿಟಿಪಿ ಕಲಿತಿದ್ದೇನೆ’ ಎಂದರೆ ‘ಪೇಜ್‌ಮೇಕರು ಕಲಿತಿದ್ದೇನೆ’ ಎಂದೇ ಅರ್ಥ. ಅದರ ಏಳನೆಯ ಆವೃತ್ತಿ ಹೊರಬಿದ್ದದ್ದು ೨೦೦೧ರಲ್ಲಿ. ಅದೇ ಕೊನೆಯ ಆವೃತ್ತಿ. ಕಂಪನಿಯು ತನ್ನ ಗಮನವನ್ನು ಇನ್‌ಡಿಸೈನ್ ಎಂಬ ಹೊಸ ಸರಕಿನತ್ತ ತಿರುಗಿಸಿತು. ಪೇಜ್‌ಮೇಕರು ಯುನಿಕೋಡನ್ನು ಅರಿಯದು. ಇನ್‌ಡಿಸೈನಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡ್ರುವ ಏರ್ಪಾಡು ಬಂದದ್ದು ೨೦೧೨ರ ಸಿಎಸ್ ೬ ಆವೃತ್ತಿಯಲ್ಲಿ. ನಡುವಿನ ಹನ್ನೊಂದು ವರ್ಷ ಕನ್ನಡದ ಅಚ್ಚಿನವನು ಮಾಡಬೇಕಾದದ್ದೇನು? ಕೈಬಿಟ್ಟ ಪೇಜ್‌ಮೇಕರಿನಲ್ಲಿಯೇ ಗುಟ್ಟಿನ ಸಂಕೇತದ ಫಾಂಟುಗಳನ್ನು ಹಾಕಿ ದಿನ ದೂಡಿದನು. ಅವನ ವೃತ್ತಿಯ ಎಲ್ಲ ದಾಖಲೆಗಳು ಆ ಎರಡು ಬೀಗಗಳ ಒಳಗೆ ಸೇರಿಕೊಂಡವು.

ಇನ್ನೂ ಮುಂದಿನದನ್ನು ಕೇಳಬೇಕು. ೨೦೧೨ರಲ್ಲಿ ಕನ್ನಡಕ್ಕೆ ಬಾಗಿಲು ತೆರೆಯಿತು. ೨೦೧೩ರ ಮೇ ತಿಂಗಳಲ್ಲಿ ಅದೇ ಕಂಪನಿಯು, ಇನ್ನು ಮುಂದೆ ಹೊಸ ಆವೃತ್ತಿಗಳನ್ನು ಕ್ರಯಕ್ಕೆ ಕೊಡುವುದಿಲ್ಲ, ತಿಂಗಳಿಗೋ ವರ್ಷಕ್ಕೋ ಬಾಡಿಗೆಗೆ ಮಾತ್ರ ಕೊಡುವುದು ಎಂದು ಸಾರಿತು. ಕನ್ನಡಿಗನು ಒಳಗೆ ಕಾಲಿಡುವಷ್ಟರಲ್ಲಿ ಮನೆಯೇ ಬಾಡಿಗೆಯದಾಯಿತು. ಬಾಡಿಗೆ ನಿಲ್ಲಿಸಿದರೆ ತಾನು ಕಟ್ಟಿದ ಪುಟವನ್ನು ತಾನೇ ತೆರೆದು ತಿದ್ದಲಾಗದು. ಮದುವೆಯ ಹಂಗಾಮಿನಲ್ಲಿ ನಾಲ್ಕು ತಿಂಗಳು ದುಡಿದು ಮಳೆಗಾಲದಲ್ಲಿ ಕೈಕಟ್ಟಿ ಕೂಡ್ರುವ ಅಂಗಡಿಕಾರನಿಗೆ ಈ ಲೆಕ್ಕವು ಹೇಗೆ ಹೊಂದಬೇಕು? ಡಾಲರಿನ ಸಂಬಳದವರು ಮಾಡಿದ ಲೆಕ್ಕವದು. ಹೀಗಾಗಿ ಇಪ್ಪತ್ತು ವರ್ಷಗಳ ಹಿಂದಿನ ಪೇಜ್‌ಮೇಕರಿನಲ್ಲಿಯೇ ಇಂದಿಗೂ ಕೆಲಸ ಮಾಡುವವರನ್ನು ನೋಡಿ ನಗುವವರು, ಅವರು ಮೂಢರಲ್ಲವೆಂಬುದನ್ನು ತಿಳಿಯಬೇಕು. ಅವರು ಕೊಂಡುದರಲ್ಲಿ ಕೊನೆಗೆ ತಮ್ಮದಾಗಿ ಉಳಿದಿರುವುದು ಅದೊಂದೇ.

ಕೊಂಡದ್ದು ಕೊಂಡಂತಲ್ಲ ಎಂಬುದು ಹೀಗೆ ಅಸಮಾಧಾನದ ಮೊದಲನೆಯ ಬೇರು. ಜನರು ರೊಕ್ಕ ಕೊಟ್ಟು ತಂದ ವಸ್ತುವನ್ನು ತಮ್ಮದೆಂದು ತಿಳಿಯುತ್ತಾರೆ. ಕಂಪನಿಯ ಕರಾರುಪತ್ರದಲ್ಲಿ ಅದು ಬಳಸಲು ಕೊಟ್ಟ ಪರವಾನಗಿ ಮಾತ್ರ. ಗುಂಡಿಯನ್ನು ಒತ್ತುವ ಮುಂಚೆ ಆ ಕರಾರನ್ನು ಓದಿದವರು ವಕೀಲರಲ್ಲಿಯೂ ವಿರಳ. ಈ ಬಾಡಿಗೆಯ ಪದ್ಧತಿಯು ಎಲ್ಲಿಯವರೆಗೆ ಮುಟ್ಟಬಹುದೆಂಬುದಕ್ಕೆ ಆಸ್ಟ್ರೇಲಿಯದ ಪ್ರಕರಣವು ಸಾಕ್ಷಿ. ಮೈಕ್ರೋಸಾಫ್ಟಿನ ಬರವಣಿಗೆ-ಲೆಕ್ಕಪತ್ರಗಳ ಕಟ್ಟಿಗೆ ಕೋಪೈಲಟ್ ಎಂಬ ಕೃತಕ ಬುದ್ಧಿಯ ಸಹಾಯಕನನ್ನು ಸೇರಿಸಿ ಬಾಡಿಗೆಯನ್ನು ಏರಿಸಲಾಯಿತು. ಆ ಸಹಾಯಕನಿಲ್ಲದ ಹಳೆಯ ದರದ ಕಟ್ಟು ಇನ್ನೂ ಇದೆಯೆಂಬುದನ್ನು, ಚಂದಾ ರದ್ದುಮಾಡಲು ಹೊರಟವರಿಗೆ ಮಾತ್ರ ಕಾಣುವಂತೆ ಇಟ್ಟು, ಸುಮಾರು ೨೭ ಲಕ್ಷ ಗ್ರಾಹಕರನ್ನು ತಪ್ಪು ದಾರಿಗೆಳೆದರೆಂದು ಅಲ್ಲಿಯ ಗ್ರಾಹಕ ಆಯೋಗವು ೨೦೨೫ರ ಅಕ್ಟೋಬರದಲ್ಲಿ ನ್ಯಾಯಾಲಯಕ್ಕೆ ಹೋಯಿತು. ಮುಂದೆ ಕಂಪನಿಯು ಕ್ಷಮೆ ಕೇಳಿ ಹಣ ಹಿಂದಿರುಗಿಸಲು ಮುಂದಾಯಿತು. ಅಗ್ಗದ ಅಕ್ಕಿಯ ಚೀಲವನ್ನು ಹಿಂದಿನ ಕೋಣೆಯಲ್ಲಿಟ್ಟು, ಗಿರಾಕಿ ಮೆಟ್ಟಿಲಿಳಿಯುವಾಗ ಕೂಗಿ ಕರೆಯುವ ವ್ಯಾಪಾರಿಯನ್ನು ನಮ್ಮ ಪೇಟೆಯವರು ಬಲ್ಲರು. ಆದರೆ ಅವನ ಎದುರಿಗೆ ನಿಂತು ಚೌಕಾಸಿಯನ್ನಾದರೂ ಮಾಡಬಹುದು.

ಎದುರಿಗೆ ನಿಲ್ಲಲು ಯಾರೂ ಇಲ್ಲದಿರುವುದೇ ಎರಡನೆಯ ಸಂಕಟ. ನಮ್ಮ ತಾಲೂಕು ಕಚೇರಿಗಳನ್ನು ನಾವು ಈ ಪುಟದಲ್ಲಿ ಬೇಕಾದಷ್ಟು ಟೀಕಿಸಿದ್ದೇವೆ, ಮುಂದೆಯೂ ಟೀಕಿಸುತ್ತೇವೆ. ಆದರೂ ಎಂಥ ಕೆಟ್ಟ ಕಚೇರಿಯಲ್ಲಿಯೂ ಒಂದು ಮೇಜು, ಅದರ ಹಿಂದೆ ಒಬ್ಬ ಕಾರಕೂನ, ಅವನ ಮೇಲೊಬ್ಬ ಸಾಹೇಬ ಇರುತ್ತಾರೆ. ಉತಾರದಲ್ಲಿ ಹೆಸರು ತಪ್ಪಾದರೆ ರೈತನು ಹತ್ತು ಸಲ ಅಲೆದು, ಹನ್ನೊಂದನೆಯ ಸಲ ಜೋರು ಮಾಡಿ, ಕೊನೆಗೆ ತಿದ್ದಿಸಿಕೊಂಡು ಬರುತ್ತಾನೆ. ಈ ಕಂಪನಿಗಳ ಕಚೇರಿ ಎಲ್ಲಿದೆ? ಬಾಗಿಲು ಯಾವ ದಿಕ್ಕಿಗಿದೆ? ಮೊಬೈಲು ಕಳೆದು ಖಾತೆಗೆ ಬೀಗಬಿದ್ದವನು ಬರೆದ ಮನವಿಗೆ ಯಂತ್ರವೇ ಉತ್ತರಿಸುತ್ತದೆ. ಮತ್ತೆ ಬರೆದರೆ ಅದೇ ಯಂತ್ರ ಅದೇ ಉತ್ತರವನ್ನು ಕೊಡುತ್ತದೆ. ಬೈಸಿಕೊಳ್ಳುವ ಮನುಷ್ಯನೊಬ್ಬನು ಎದುರಿಗಿದ್ದರೆ ಅರ್ಧ ಸಿಟ್ಟು ಅಲ್ಲಿಯೇ ಇಳಿದೀತು.

ಇದು ಬಡವರಿಗಷ್ಟೇ ಆದ ಅನುಭವವಲ್ಲ. ೨೦೨೫ರ ಜುಲೈಯಲ್ಲಿ ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಸೂಚಿಸಿದರು. ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿಯ ಅನುವಾದದ ಯಂತ್ರವು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ, ತೀರಿಕೊಂಡವರು ಮುಖ್ಯಮಂತ್ರಿಗಳೇ ಎಂದು ಜಗತ್ತಿಗೆ ತಿಳಿಸಿತು! ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು. ಕಂಪನಿಯು ಕ್ಷಮೆ ಕೇಳಿ ಸರಿಪಡಿಸಿತು. ೨೦೨೧ರ ಜೂನಿನಲ್ಲಿ ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ಲಿನ ಹುಡುಕಾಟದಲ್ಲಿ ಕನ್ನಡದ ಹೆಸರು ಬಂದಾಗಲೂ ಹಾಗೆಯೇ. ನಾಡೆಲ್ಲ ಕೆರಳಿ, ಸಚಿವರು ಎಚ್ಚರಿಕೆ ಕೊಟ್ಟ ಮೇಲೆ ಆ ಕಂಪನಿಯು ಕ್ಷಮೆ ಕೇಳಿತು. ಗಾಯವನ್ನು ಮಾಡಿದವರು ಬುದ್ಧಿಪೂರ್ವಕವಾಗಿ ಮಾಡಿದರೆಂದು ನಾವು ಹೇಳುವುದಿಲ್ಲ. ಕನ್ನಡವನ್ನು ಬಲ್ಲ ಒಬ್ಬ ಮನುಷ್ಯನು ಒಮ್ಮೆ ಕಣ್ಣಾಡಿಸಿದ್ದರೆ ಎರಡೂ ತಪ್ಪುತ್ತಿದ್ದವು ಎಂಬುದಷ್ಟೇ ನಮ್ಮ ಮಾತು. ಮುಖ್ಯಮಂತ್ರಿಗೆ ಸಲಹೆಗಾರರಿದ್ದಾರೆ, ಕನ್ನಡಕ್ಕೆ ಕೋಟಿ ಬಾಯಿಗಳಿವೆ. ಮುರಗೋಡದ ಮಾಸ್ತರನೊಬ್ಬನ ಹೆಸರು ಹೀಗೆಯೇ ಕೆಟ್ಟರೆ ಅವನ ಪರವಾಗಿ ಪತ್ರ ಬರೆಯುವವರಾರು? ೨೦೨೧ರ ಕೇಂದ್ರದ ನಿಯಮಗಳಂತೆ ಸಾಮಾಜಿಕ ಜಾಲದ ದೊಡ್ಡ ಕಂಪನಿಗಳು ಭಾರತದಲ್ಲಿಯೇ ವಾಸಿಸುವ ದೂರು ಅಧಿಕಾರಿಯನ್ನು ನೇಮಿಸಬೇಕು, ದೂರು ಮುಟ್ಟಿದ್ದನ್ನು ೨೪ ತಾಸಿನೊಳಗೆ ತಿಳಿಸಿ ಗೊತ್ತುಪಡಿಸಿದ ಅವಧಿಯಲ್ಲಿ ತೀರಿಸಬೇಕು ಎಂದಿದೆ. ಈ ನಿಯಮ ಇದೆಯೆಂಬುದೇ ನಮ್ಮ ಕಡೆಯ ಬಹುಜನರಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಡುವ ಆತುರ ಕಂಪನಿಗಳಿಗೂ ಇಲ್ಲ.

ಇನ್ನು ಕೇಳದೆ ಬದಲಾಯಿಸುವ ಚಾಳಿ. ವಾಟ್ಸಾಪು ೨೦೨೧ರ ಆರಂಭದಲ್ಲಿ ತನ್ನ ಖಾಸಗಿತನದ ನಿಯಮಗಳನ್ನು ತಿದ್ದಿ, ಒಪ್ಪುವಿರೋ ಬಿಡುವಿರೋ ಎಂದು ಜನರ ಮುಂದಿಟ್ಟಿತು. ಬಿಡುವುದೆಂದರೇನು? ಊರಿನ ಹಾಲಿನ ಡೇರಿ, ಶಾಲೆಯ ಪಾಲಕರ ಗುಂಪು, ಬೀಗರ ಮನೆ, ಆಸ್ಪತ್ರೆಯ ವರದಿ ಎಲ್ಲವೂ ಅಲ್ಲಿಯೇ ಇರುವಾಗ ಬಿಡುವವನು ಕಂಪನಿಯನ್ನು ಬಿಟ್ಟಂತಲ್ಲ, ಊರನ್ನೇ ಬಿಟ್ಟಂತೆ. ಎಲ್ಲರೂ ಇರುವುದರಿಂದ ಎಲ್ಲರೂ ಇರಬೇಕಾಗುತ್ತದೆ. ಈ ವ್ಯಾಪಾರದ ಮರ್ಮವೇ ಇದು. ಭಾರತದ ಸ್ಪರ್ಧಾ ಆಯೋಗವು ೨೦೨೪ರ ನವೆಂಬರದಲ್ಲಿ ಈ ಬಲವಂತದ ಒಪ್ಪಿಗೆಗಾಗಿ ಮೆಟಾ ಕಂಪನಿಗೆ ೨೧೩.೧೪ ಕೋಟಿ ರೂಪಾಯಿಗಳ ದಂಡ ವಿಧಿಸಿತು. ಅದಕ್ಕೂ ಮೊದಲು, ೨೦೨೨ರ ಅಕ್ಟೋಬರದಲ್ಲಿ, ಆಂಡ್ರಾಯ್ಡ್ ಮೊಬೈಲುಗಳನ್ನು ಮಾಡುವವರು ತನ್ನ ಆ್ಯಪುಗಳ ಕಟ್ಟನ್ನೆಲ್ಲ ಮೊದಲೇ ತುಂಬಿಕೊಡಬೇಕೆಂದು ಕಟ್ಟುಮಾಡಿದ್ದ ಗೂಗಲ್ಲಿಗೆ ೧೩೩೭.೭೬ ಕೋಟಿ ರೂಪಾಯಿಗಳ ದಂಡ ಬಿದ್ದಿತ್ತು. ೨೦೨೩ರ ಮಾರ್ಚಿನಲ್ಲಿ ಮೇಲ್ಮನವಿಯ ನ್ಯಾಯಮಂಡಲಿಯೂ ಆ ದಂಡವನ್ನು ಎತ್ತಿಹಿಡಿಯಿತು. ಈ ದಂಡಗಳು ನಮಗೆ ದೊಡ್ಡವು, ಅವರಿಗೆ ಚಿಲ್ಲರೆ. ಆದರೂ ಕೇಳುವವರೊಬ್ಬರು ನಮ್ಮ ದೇಶದಲ್ಲಿಯೂ ಇದ್ದಾರೆಂಬುದು ಗೊತ್ತಾಯಿತು.

ಆದರೆ ಇವೆಲ್ಲಕ್ಕಿಂತಲೂ ಗುರುತರವಾದ ಸಂಗತಿಯೊಂದು ೨೦೨೫ರ ಜುಲೈಯಲ್ಲಿಯೇ ನಡೆಯಿತು. ನಮ್ಮ ಅಧಿಕಾರಿವರ್ಗದವರು ಅದನ್ನು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಗುಜರಾತದ ವಾಡಿನಾರಿನಲ್ಲಿ ಎಣ್ಣೆ ಶುದ್ಧಿಮಾಡುವ, ದೇಶದಲ್ಲಿ ಆರು ಸಾವಿರಕ್ಕೂ ಮಿಕ್ಕು ಪೆಟ್ರೋಲ್ ಪಂಪುಗಳುಳ್ಳ ನಯಾರಾ ಕಂಪನಿಯಲ್ಲಿ ರಶಿಯದ ರೋಸ್‌ನೆಫ್ಟ್ ಕಂಪನಿಯ ಪಾಲಿದೆ. ಆ ಕಾರಣದಿಂದ ಯುರೋಪದ ಒಕ್ಕೂಟವು ಅದರ ಮೇಲೆ ನಿರ್ಬಂಧ ಹೇರಿತು. ಭಾರತ ಸರಕಾರವು ಯಾವ ನಿರ್ಬಂಧವನ್ನೂ ಹೇರಿರಲಿಲ್ಲ. ಭಾರತದ ಯಾವ ನ್ಯಾಯಾಲಯವೂ ಆಜ್ಞೆ ಮಾಡಿರಲಿಲ್ಲ. ಆದರೂ ನಾಲ್ಕೇ ದಿನಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯು ನಯಾರಾದವರ ಈಮೇಲು ಮೊದಲಾದ ಸೇವೆಗಳನ್ನು ನಿಲ್ಲಿಸಿತು. ಹಣವನ್ನು ಪೂರ್ತಿ ಕೊಟ್ಟು ಪಡೆದ ಪರವಾನಗಿಯಿದ್ದೂ ತಮ್ಮ ಕಾಗದಪತ್ರಗಳೇ ತಮಗೆ ಸಿಗುತ್ತಿಲ್ಲವೆಂದು ಆ ಕಂಪನಿಯು ದಿಲ್ಲಿಯ ಉಚ್ಚ ನ್ಯಾಯಾಲಯದ ಮೊರೆಹೋಯಿತು. ತರುವಾಯ ಸೇವೆಗಳು ಮತ್ತೆ ಆರಂಭವಾದವು.

ಕಿತ್ತೂರಿನ ಸೀಮೆಯವರಿಗೆ ಇದನ್ನು ಕೇಳಿದೊಡನೆ ೧೮೨೪ರ ನೆನಪಾಗದಿರದು. ಶಿವಲಿಂಗರುದ್ರ ಸರ್ಜನು ತೀರಿಕೊಂಡೊಡನೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ದತ್ತಕವನ್ನು ಒಪ್ಪದೆ, ಕಿತ್ತೂರಿನ ಖಜಾನೆಗೆ ತನ್ನ ಮುದ್ರೆ ಒತ್ತಿ ಕಾವಲಿರಿಸಿದನು. ಹಣ ಸಂಸ್ಥಾನದ್ದು, ಕೋಣೆ ಸಂಸ್ಥಾನದ್ದು, ಮುದ್ರೆ ಮಾತ್ರ ಕಂಪನಿಯದು. ಅಂದಿನ ಕಂಪನಿ ಸೈನ್ಯವಿಟ್ಟುಕೊಂಡು ರಾಜ್ಯವಾಳಿತು. ಇಂದಿನದು ಸರಕು ಮಾರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಭಾಷಣಕಾರರ ಮಾತಿಗೆ ನಾವು ತಲೆದೂಗುವುದಿಲ್ಲ. ಆದರೆ ನಮ್ಮ ಖಜಾನೆಯ ಮೇಲೆ ಪರರ ಮುದ್ರೆ ಬೀಳಬಹುದಾದ ಸ್ಥಿತಿ ಒಂದಿದ್ದರೆ, ಅದು ಬೀಳುವ ಮೊದಲೇ ವಿಚಾರಿಸುವುದು ಲೇಸು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ೮೫ ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋಗಿ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ಚೆಕ್-ಇನ್ನನ್ನು ಕೈಯಿಂದ ಮಾಡಬೇಕಾಗಿ ಬಂದದ್ದನ್ನೂ ಇಲ್ಲಿ ನೆನೆಯಬಹುದು. ಅದರಲ್ಲಿ ದುರುದ್ದೇಶವಿರಲಿಲ್ಲ, ಎಲ್ಲರೂ ಒಂದೇ ಕಂಬಕ್ಕೆ ದನ ಕಟ್ಟಿದ್ದರು, ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಈ ಕಂಪನಿಗಳು ಬೆಳೆದದ್ದು ಬರಿಯ ಕುಟಿಲತನದಿಂದಲ್ಲ. ಹಳ್ಳಿಯ ಹುಡುಗನು ಮೂರು ತಿಂಗಳಲ್ಲಿ ಕಲಿಯಬಹುದಾದ, ಎಲ್ಲ ಬಗೆಯ ಪ್ರಿಂಟರುಗಳೊಂದಿಗೆ ಹೊಂದಿಕೊಳ್ಳುವ ವಸ್ತುವನ್ನು ಅವರು ಮಾಡಿಕೊಟ್ಟರು. ಮತ್ತು ನಮ್ಮ ಪೇಟೆಗಳಲ್ಲಿ ಆ ವಸ್ತುವಿನ ಕದ್ದ ಪ್ರತಿಗಳು ಎಷ್ಟು ವರ್ಷ ನಡೆದವೆಂಬುದು ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು. ಐವತ್ತು ರೂಪಾಯಿಯ ಸಿಡಿಯಲ್ಲಿ ಲಕ್ಷ ರೂಪಾಯಿಯ ಸಾಫ್ಟ್‌ವೇರು ದೊರೆಯುತ್ತಿದ್ದಾಗ, ಉಚಿತವಾಗಿಯೇ ಸಿಗುವ ಲಿನಕ್ಸನ್ನು ಕಲಿಯಬೇಕೆಂದು ಯಾರಿಗೆ ಅನಿಸೀತು? ಕದ್ದ ಪ್ರತಿಯು ಕಂಪನಿಗೆ ನಷ್ಟವೆಂದು ತೋರಿದರೂ, ಒಂದು ಪೀಳಿಗೆಯ ಕೈಬೆರಳುಗಳಿಗೆ ಅದೇ ರೂಢಿಯನ್ನು ಹಾಕಿಕೊಟ್ಟಿತು. ರೂಢಿ ಬಿದ್ದ ಮೇಲೆ ಬಾಡಿಗೆಯ ಚೀಟಿ ಬಂದಿತು.

ನಯಾರಾದ ಪ್ರಕರಣದ ನಂತರ ಸ್ವದೇಶಿಯ ಕೂಗು ಎದ್ದಿತು. ೨೦೨೫ರ ಸಪ್ಟೆಂಬರ-ಅಕ್ಟೋಬರಗಳಲ್ಲಿ ಕೇಂದ್ರದ ಸಚಿವರು ತಮಿಳುನಾಡಿನ ಝೋಹೊ ಕಂಪನಿಯ ಸಾಫ್ಟ್‌ವೇರುಗಳಿಗೆ ತಾವು ಬದಲಾಯಿಸಿದ್ದನ್ನು ಬಹಿರಂಗವಾಗಿ ತಿಳಿಸಿದರು. ಸ್ವದೇಶಿಯೆಂದರೆ ನಮಗೆ ಸಂತೋಷವೇ. ಆದರೆ ಒಡೆಯನ ಊರು ಬದಲಾದ ಮಾತ್ರಕ್ಕೆ ಒಕ್ಕಲಿನ ಸ್ಥಿತಿ ಬದಲಾಗುವುದಿಲ್ಲ. ಮೇಲೆ ಹೇಳಿದ ಗುಟ್ಟಿನ ಸಂಕೇತಗಳ ಫಾಂಟುಗಳೆಲ್ಲ ಪುಣೆ-ಬೆಂಗಳೂರಿನವೇ ಆಗಿದ್ದವಲ್ಲ! ಸರಕಾರದ ಆ್ಯಪುಗಳೂ ಈ ದೋಷದಿಂದ ಹೊರತಲ್ಲ. ಒಂದರ ಮೇಲೊಂದರಂತೆ ಆ್ಯಪುಗಳನ್ನು ಹೇರಿ, ಅವನ್ನು ನಡೆಸುವ ಸಾಧನಗಳನ್ನು ಕೊಡಲಿಲ್ಲವೆಂದು ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ೨೦೨೪ರ ಸಪ್ಟೆಂಬರ ೨೬ರಿಂದ ಮುಷ್ಕರ ಹೂಡಿದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಸ್ವತಃ ಬಲ್ಲರು. ಕೆಲವರು ಆ ಮುಷ್ಕರದಲ್ಲಿ ಇದ್ದವರೇ. ಆದುದರಿಂದ ಕೇಳಬೇಕಾದ ಪ್ರಶ್ನೆಯು ಕಂಪನಿ ಯಾವ ದೇಶದ್ದು ಎಂಬುದಕ್ಕಿಂತ ಹೆಚ್ಚಾಗಿ, ನಾಳೆ ಬಿಡಬೇಕೆಂದರೆ ನಮ್ಮ ಸಾಮಾನನ್ನು ಕಟ್ಟಿಕೊಂಡು ಹೊರಡಲು ಬರುವುದೇ ಎಂಬುದು.

ಈ ದೃಷ್ಟಿಯಿಂದ ಭಾರತವು ಕೆಲವು ಒಳ್ಳೆಯ ಹೆಜ್ಜೆಗಳನ್ನು ಇಟ್ಟದ್ದುಂಟು. ಮೈಕ್ರೋಸಾಫ್ಟಿನ ಕಡತದ ಮಾದರಿಯನ್ನು ಜಗತ್ತಿನ ಮಾನಕವನ್ನಾಗಿ ಮಾಡುವ ಪ್ರಸ್ತಾಪ ಬಂದಾಗ, ಮುಕ್ತವಾದ ಮಾದರಿಯೊಂದು ಆಗಲೇ ಇದೆಯೆಂಬ ವಾದಗಳ ನಡುವೆ, ೨೦೦೭ರಲ್ಲಿಯೂ ೨೦೦೮ರಲ್ಲಿಯ ನಿರ್ಣಯದಲ್ಲಿಯೂ ಭಾರತವು ವಿರೋಧವಾಗಿಯೇ ನಿಂತಿತು. ಪ್ರಸ್ತಾಪ ಗೆದ್ದಿತು, ಅದು ಬೇರೆ ಮಾತು. ೨೦೧೦ರಲ್ಲಿ ಸರಕಾರಿ ಕಡತಗಳಿಗೆ ಮುಕ್ತ ಮಾನಕಗಳ ನೀತಿಯನ್ನೂ, ೨೦೧೫ರಲ್ಲಿ ಮುಕ್ತ ಸಾಫ್ಟ್‌ವೇರಿನ ನೀತಿಯನ್ನೂ ಕೇಂದ್ರವು ಹೊರಡಿಸಿತು. ದೊಡ್ಡ ಕಂಪನಿಗಳನ್ನು ಮೊದಲೇ ಅಂಕೆಯಲ್ಲಿಡುವ ಮಸೂದೆಯ ಕರಡೊಂದು ೨೦೨೪ರ ಮಾರ್ಚಿನಲ್ಲಿ ಹೊರಬಿದ್ದಿತು. ೨೦೨೫ ಮುಗಿದರೂ ಅದು ಕಾಯದೆಯಾಗಲಿಲ್ಲ. ನೆರೆಯ ಕೇರಳವು ಹೆಚ್ಚು ಮಾತಾಡದೆ ಕೆಲಸ ಮಾಡಿದೆ. ಅಲ್ಲಿಯ ಸರಕಾರಿ ಶಾಲೆಗಳ ಕಂಪ್ಯೂಟರುಗಳೆಲ್ಲ ಬಹುಕಾಲದಿಂದ ಲಿನಕ್ಸಿನ ಮೇಲೆಯೇ ನಡೆಯುತ್ತವೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡದ ಮಗುವಿಗೆ ಕೂಡಿದ್ದು ಗಡಿಯೊಳಗಿನ ಮಗುವಿಗೆ ಏಕೆ ಕೂಡದೆಂದು ನಮ್ಮ ಶಿಕ್ಷಣ ಇಲಾಖೆಯವರು ಉತ್ತರಿಸಬೇಕು.

ಬೆಂಗಳೂರು ದಿಲ್ಲಿಗಳು ಮಾಡಬೇಕಾದುದನ್ನು ಕಾಯುತ್ತ ಕೂಡ್ರದೆ ನಮ್ಮ ತಾಲೂಕುಗಳಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ಗ್ರಾಮ ಪಂಚಾಯತಿಗಳು, ಸೊಸಾಯಿಟಿಗಳು ಸಾಫ್ಟ್‌ವೇರು ಕೊಳ್ಳುವಾಗ, ಕರಾರು ಮುಗಿದ ದಿನ ನಮ್ಮ ಲೆಕ್ಕಪತ್ರಗಳನ್ನೆಲ್ಲ ಬೇರೆಯವರೂ ತೆರೆಯಬಹುದಾದ ರೂಪದಲ್ಲಿ ಬಿಟ್ಟುಕೊಡಬೇಕೆಂಬ ಒಂದು ಕಲಮನ್ನು ಬರೆಸಿಕೊಂಡರೆ ಖರ್ಚೇನೂ ಇಲ್ಲ. ಹಳೆಯ ಡಿಟಿಪಿ ಅಂಗಡಿಗಳ ಯಂತ್ರಗಳಲ್ಲಿ ಮಠಗಳ ಪಂಚಾಂಗ, ಊರ ಚರಿತ್ರೆ, ಸತ್ತುಹೋದ ಲೇಖಕರ ಅಚ್ಚಾಗದ ಬರಹ, ಸಂಘಗಳ ವರದಿಗಳು ಹಳೆಯ ಫಾಂಟುಗಳ ಸಂಕೇತದಲ್ಲಿಯೇ ಬಿದ್ದಿವೆ. ನುಡಿ, ಬರಹಗಳಿಂದ ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಕೆಲವು ಒತ್ತಕ್ಷರಗಳು ತಪ್ಪಿದರೂ ಕುಳಿತು ತಿದ್ದಿದರೆ ಸರಿಹೋಗುತ್ತವೆ. ವಿಂಡೋಸ್ ೧೦ರ ಯಂತ್ರಗಳನ್ನು ಗುಜರಿಗೆ ಹಾಕುವ ಮುಂಚೆ ಒಳಗಿನದನ್ನು ತೆಗೆದಿರಿಸಿಕೊಳ್ಳದಿದ್ದರೆ, ಯಂತ್ರದೊಡನೆ ಅದೂ ತೂಕಕ್ಕೆ ಹೋಗುತ್ತದೆ. ಅಂಥ ಯಂತ್ರದಲ್ಲಿ ಲಿನಕ್ಸು ಹಾಕಿದರೆ ಟಿಪಿಎಂ ಚಿಪ್ಪಿನ ತಂಟೆಯೂ ಇಲ್ಲ. ಪೇಜ್‌ಮೇಕರಿಗೆ ಬದಲಾಗಿ ಸ್ಕ್ರೈಬಸ್, ವರ್ಡಿಗೆ ಬದಲಾಗಿ ಲಿಬ್ರೆಆಫೀಸು ಉಂಟು. ಅವುಗಳಿಗೆ ಕೈ ಒಗ್ಗಲು ದಿನ ಹಿಡಿಯುತ್ತದೆ, ಪ್ರಿಂಟರು ಒಮ್ಮೊಮ್ಮೆ ಮುನಿಯುತ್ತದೆ. ಸುಲಭವೆಂದು ಹೇಳಿ ಯಾರನ್ನೂ ವಂಚಿಸಲು ನಾವು ಇಚ್ಛಿಸುವುದಿಲ್ಲ.

ನಮ್ಮ ಪತ್ರಿಕೆಗೆ ಲೇಖನ, ವರದಿ, ಜಾಹೀರಾತುಗಳನ್ನು ಕಳಿಸುವ ಮಹನೀಯರು ಇನ್ನು ಮೇಲೆ ಸಾಧ್ಯವಾದಷ್ಟು ಮಟ್ಟಿಗೆ ಯುನಿಕೋಡಿನಲ್ಲಿಯೇ ಕಳಿಸಬೇಕಾಗಿ ವಿನಂತಿ. ನುಡಿ, ಬರಹ, ಶ್ರೀಲಿಪಿಗಳಲ್ಲಿ ಬಂದವುಗಳನ್ನೂ, ಕೈಬರಹದಲ್ಲಿ ಬಂದವುಗಳನ್ನೂ ಹಿಂದಿನಂತೆಯೇ ಸ್ವೀಕರಿಸಲಾಗುವುದು. ಹಳೆಯ ಕಡತಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೆ ನಮ್ಮ ಕಚೇರಿಯ ಜೋಡಣೆಯವರು ಕೆಲಸದ ಬಿಡುವು ನೋಡಿ ಪರಿವರ್ತಿಸಿಕೊಡುವರು. ಅದಕ್ಕೆ ಆಕಾರಣಿ ಇಲ್ಲ.